ನಿದ್ದೆಗೆ ಹತ್ತಕ್ಕೆ ಎಷ್ಟು?

ಟೆಂಟ್ ಹಾಕಿಕೊಂಡು ಕಾಡಲ್ಲಿ ಉಳಿಯುವುದು ಅಂದ್ರೆ ನನಗೆ ಪ್ರಾಣ. ಆದರೆ ಅಲ್ಲಿ ನನಗೆ ನಿದ್ದೆ ಬರುವುದಿಲ್ಲ. ಇಷ್ಟು ವರ್ಷ ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಫೋಟೋದಲ್ಲೆಲ್ಲ ನಗುತ್ತಾ ನಿಂತಿರುತ್ತೇನೆ. ವಾಪಸ್ ಬಂದ ಮಾರನೇ ದಿನ ಮಧ್ಯಾಹ್ನದವರೆಗೆ ಹೆಣದ ಹಾಗೆ ಬಿದ್ದಿರುತ್ತೇನೆ. ರಜೆ ಹಾಕಿ ಹೋಗಿ ದಣಿವು ಹೊತ್ತುಕೊಂಡು ಬರುವುದು ಯಾವ ಸೀಮೆ ಪ್ರವಾಸ?

ಈ ಸಲ ಹೊರಟವರು ನಾಲ್ಕು ಜನ. ಅಕ್ಕ, ಭಾವ, ಅವರ ಹನ್ನೊಂದು ವರ್ಷದ ಮಗಳು ಪುಟ್ಟಿ, ನಾನು. ಬೆಟ್ಟದ ಕಾಡಲ್ಲಿ ನಾಲ್ಕು ರಾತ್ರಿ, ಎರಡು ಟೆಂಟ್. ಒಂದರಲ್ಲಿ ಅಮ್ಮ ಮಗಳು, ಇನ್ನೊಂದರಲ್ಲಿ ನಾನು ಮತ್ತು ಭಾವ. ಭಾವ ಈ ವಿಷಯದಲ್ಲಿ ಹಳೇ ಹುಲಿ. ಬಂಡೆ ಮೇಲೆ ಮಲಗಿಸಿದರೂ ಐದು ನಿಮಿಷಕ್ಕೆ ಗೊರಕೆ. ಅದನ್ನು ನೋಡಿ ನೋಡಿ ಹೊಟ್ಟೆ ಉರಿದೇ ನಾನು ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡೆ. ಬೆಳಗ್ಗೆ ಎದ್ದ ಕೂಡಲೇ ಹಿಂದಿನ ರಾತ್ರಿಗೆ ಹತ್ತಕ್ಕೆ ಎಷ್ಟು ಅಂತ ಮಾರ್ಕ್ಸ್ ಹಾಕುವುದು, ಪಕ್ಕದಲ್ಲಿ ಕಾರಣ ಬರೆಯುವುದು.

ಮೊದಲ ದಿನ

ಬೆಳಕಿರುವಾಗಲೇ ತಲುಪಬೇಕು ಅಂತ ಹೊರಟವರು ಅಲ್ಲಿ ಇಲ್ಲಿ ನಿಂತು ಕತ್ತಲು ಮಾಡಿಕೊಂಡೆವು. ಕಣಿವೆಯ ತಳದಲ್ಲಿ, ಹಳ್ಳದಿಂದ ಸ್ವಲ್ಪ ಈಚೆಗೆ, ಒಂದು ಸಮತಟ್ಟು ಜಾಗ ಸಿಕ್ಕಿತು. ಹುಲ್ಲು ಮೆತ್ತಗಿತ್ತು. ಗಾಳಿ ಒಂದು ಚೂರೂ ಇರಲಿಲ್ಲ. ನೀರಿನ ಸದ್ದು ಬೇರೆ. ನನಗಂತೂ ಸ್ವರ್ಗ ಅನ್ನಿಸಿತು.

"ಇನ್ನೂ ಸ್ವಲ್ಪ ಮೇಲಕ್ಕೆ ಹೋಗೋಣ ಕಣೋ" ಅಂದರು ಭಾವ.

"ಬೇಡ ಭಾವ, ಸಾಕಾಗಿದೆ. ಇದಕ್ಕಿಂತ ಒಳ್ಳೇ ಜಾಗ ಬೇಕಾ?"

ಅವರು ಇನ್ನೊಂದು ಮಾತಾಡಲಿಲ್ಲ. ಹೆಡ್‌ಲ್ಯಾಂಪ್ ಬೆಳಕಲ್ಲಿ ಟೆಂಟ್ ಎದ್ದು ನಿಂತಿತು. ಊಟ ಮುಗಿಸಿ ಹತ್ತಕ್ಕೆಲ್ಲ ಬ್ಯಾಗ್ ಒಳಗೆ ಸೇರಿಕೊಂಡೆ. ಹೊಸಾ ಸ್ಲೀಪಿಂಗ್ ಬ್ಯಾಗ್. ಮೇಲೆ ಸೊನ್ನೆ ಡಿಗ್ರಿ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ನನ್ನ ಬಜೆಟ್ಟೆಲ್ಲ ಅದಕ್ಕೇ ಹೋಗಿತ್ತು. ಕೆಳಗೆ ಹಾಸಲು ಗಾಳಿ ತುಂಬುವ ತೆಳು ಮ್ಯಾಟ್ ಒಂದು ಸಾಕು ಅಂದುಕೊಂಡಿದ್ದೆ.

ಒಂದೂವರೆಗೆ ಎಚ್ಚರವಾಯಿತು. ಎದೆ, ಹೊಟ್ಟೆ ಬೆಚ್ಚಗಿದೆ. ಬೆನ್ನು ಮತ್ತು ಸೊಂಟ ಮಾತ್ರ ಒದ್ದೆ ಸಿಮೆಂಟಿನ ಮೇಲೆ ಇಟ್ಟ ಹಾಗೆ. ಮಗ್ಗುಲಾದೆ. ಈಗ ಭುಜ ಮತ್ತು ತೊಡೆ ಒದ್ದೆ ಸಿಮೆಂಟು. ಇನ್ನೊಂದು ಮಗ್ಗುಲಾದೆ. ರೊಟ್ಟಿ ಮಗುಚಿದ ಹಾಗೆ ನನ್ನನ್ನು ನಾನೇ ಮಗುಚಿಕೊಳ್ಳುತ್ತಾ ಮೂರು ಗಂಟೆಯಾಯಿತು. ಅಷ್ಟರಲ್ಲಿ ಮೂತ್ರ ಬಂದಿತ್ತು. ಆ ಚಳಿಗೆ ಯಾರು ಏಳುತ್ತಾರೆ ಅಂತ ಬಿಗಿಹಿಡಿದು ಮಲಗಿದೆ. ಬಿಗಿಹಿಡಿದು ಮಲಗಿದವನಿಗೆ ನಿದ್ದೆ ಬರುತ್ತಾ? ನಾಲ್ಕೂವರೆಗೆ ಸೋತು ಎದ್ದು ಹೋಗಿ ಬಂದೆ. ಎರಡೇ ನಿಮಿಷದ ಕೆಲಸ. ಅದಕ್ಕೆ ಒಂದೂವರೆ ಗಂಟೆ ನಿದ್ದೆ ದಂಡ ಕಟ್ಟಿದ್ದೆ.

ಸಾಲದ್ದಕ್ಕೆ ಹೊರಗೆ ಏನೋ ನಡೆದಾಡುವ ಸದ್ದು. ಒಣಗಿದ ಎಲೆ ಮೇಲೆ ಪರ್ ಪರ್. ದೊಡ್ಡ ಪ್ರಾಣಿಯೇ ಇರಬೇಕು ಅಂತ ಉಸಿರು ಹಿಡಿದು ಕಿವಿ ಕೊಟ್ಟೆ. ಬೆಳಗ್ಗೆ ನೋಡಿದರೆ ಇಲಿ ಓಡಾಡಿದ ಗುರುತು. ರಾತ್ರಿ ಒಣ ಎಲೆ ಮೇಲೆ ಇಲಿಗೂ ಆನೆಯ ತೂಕ.

ಎರಡನೇ ದಿನ

ಬೆಳಗ್ಗೆ ಟೆಂಟಿನ ಒಳಮೈಯೆಲ್ಲ ನೀರಿನ ಹನಿ. ಕೈ ತಾಗಿದರೆ ಮುಖದ ಮೇಲೆ ಸಣ್ಣ ಮಳೆ. ಭಾವ ಒಂದು ಮಗ್ ಚಹಾ ಹಿಡಿದು ನನ್ನ ಪಕ್ಕ ಕೂತರು.

"ತಣ್ಣನೆ ಗಾಳಿ ಭಾರ ಕಣೋ. ರಾತ್ರಿಯಾದರೆ ನೀರಿನ ಹಾಗೇ ಇಳಿಜಾರಲ್ಲಿ ಹರಿದು ತಗ್ಗಲ್ಲಿ ನಿಲ್ಲುತ್ತೆ. ನಾವು ಅದರ ಕೆರೆಯೊಳಗೆ ಮಲಗಿದ್ವಿ."

ಹಳ್ಳದ ತೇವ, ನಿಂತ ಗಾಳಿ, ಇಬ್ಬರ ಉಸಿರು. ಟೆಂಟ್ ಬೆವರದೆ ಇನ್ನೇನು? ಮೇಲೆಲ್ಲಾದರೂ ಮಳೆ ಬಿದ್ದು ಹಳ್ಳ ಏರಿದರೆ ಎನ್ನುವ ಭಯ ಬೇರೆ. ನನ್ನ ಸ್ವರ್ಗದ ಜಾಗ ಹೀಗಿತ್ತು.

ಆಮೇಲೆ ನನ್ನ ಮ್ಯಾಟ್ ಎತ್ತಿ ನೋಡಿ ನಕ್ಕುಬಿಟ್ಟರು. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ಅದರೊಳಗೆ ಉಬ್ಬಿ ನಿಂತ ಗಾಳಿಯಿಂದ. ನಾವು ಮಲಗಿದ ಕಡೆ ಅದು ಅಪ್ಪಚ್ಚಿಯಾಗುತ್ತದೆ. ಅಂದರೆ ಬೆನ್ನ ಕೆಳಗೆ ಬ್ಯಾಗ್ ಇದ್ದೂ ಇಲ್ಲ. ಅಲ್ಲಿ ಕಾಯಬೇಕಾದದ್ದು ಮ್ಯಾಟ್. ನೆಲಕ್ಕೆ ಶಾಖ ಹೋಗುವುದನ್ನು ಅದು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಆರ್-ವ್ಯಾಲ್ಯೂ ಅಂತ ಒಂದು ಅಳತೆ ಇದೆ. 2018ರಲ್ಲಿ ಅದಕ್ಕೊಂದು ಒಪ್ಪಿತ ಪರೀಕ್ಷಾ ವಿಧಾನ ಬಂದಿದೆ. ಹಾಗಾಗಿ ಅದರ ಪ್ರಕಾರ ಅಳೆದ ಮ್ಯಾಟುಗಳನ್ನು, ಕಂಪನಿ ಬೇರೆಯಾದರೂ, ಹೋಲಿಸಿ ಕೊಳ್ಳಬಹುದು. ಒಳಗೆ ಬರೀ ಗಾಳಿ ಇರುವ ನನ್ನಂಥ ಮ್ಯಾಟಿಗೆ ಅದು ಸುಮಾರು 1. ಸುತ್ತಿಕೊಂಡು ಹೋಗುವ ಫೋಮ್ ಮ್ಯಾಟಿಗೆ ಹೆಚ್ಚು ಕಡಿಮೆ 2. ನೀರು ಹೆಪ್ಪುಗಟ್ಟುವ ಹತ್ತಿರದ ಚಳಿಗೆ 3-4 ಇದ್ದರೆ ಒಳ್ಳೆಯದು. ಒಂದರ ಮೇಲೊಂದು ಹಾಸಿದರೆ ಅಂಕಿಗಳನ್ನು ಸುಮ್ನೆ ಕೂಡಿಸಿಕೊಳ್ಳಬಹುದು. ಈ ಕೂಡಿಸುವ ವಿಷಯ ನನಗೆ ಬಹಳ ಹಿಡಿಸಿತು, ಯಾಕೆಂದರೆ ಭಾವನ ಚೀಲದಲ್ಲಿ ಒಂದು ಹಳೇ ಫೋಮ್ ಮ್ಯಾಟ್ ಇತ್ತು.

"ಇದು ನನ್ನ ಸ್ಪೇರು. ತಗೋ, ಇವತ್ತಿಂದ ನಿನ್ನದು" ಅಂದರು. ಈ ಮಾತನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತದೆ.

ಬ್ಯಾಗಿನ ಮೇಲಿನ ಸೊನ್ನೆಯ ಗುಟ್ಟೂ ಆಗಲೇ ತಿಳಿಯಿತು. ಒಳಗಿನ ಚೀಟಿಯಲ್ಲಿ ಎರಡು ಅಂಕಿ ಇರುತ್ತವೆ. ಕಂಫರ್ಟ್ ಅನ್ನುವುದು ಹೆಂಗಸೊಬ್ಬಳು ಹಾಯಾಗಿ ಮಲಗುವ ಲೆಕ್ಕದಲ್ಲಿ ಹೇಳಿದ್ದು. ಲಿಮಿಟ್ ಅನ್ನುವುದು ಗಂಡಸೊಬ್ಬ ಮುದುರಿಕೊಂಡು ಹೇಗೋ ರಾತ್ರಿ ಕಳೆಯುವ ಲೆಕ್ಕ. ಹೊರಗೆ ದಪ್ಪಕ್ಷರದಲ್ಲಿ ಬರೆದಿದ್ದು ಎರಡನೆಯದು. ನನ್ನ ಬ್ಯಾಗಿನ ಕಂಫರ್ಟ್ 5 ಡಿಗ್ರಿ. ನಾನೂ ರಾತ್ರಿಯೆಲ್ಲ ಮುದುರಿಕೊಂಡೇ ಇದ್ದೆನಲ್ಲ, ಅಳತೆ ಸರಿಯಾಗಿಯೇ ಇದೆ.

ನೋಟ್‌ಬುಕ್ಕಿನಲ್ಲಿ ಮೊದಲ ರಾತ್ರಿಗೆ 2 ಬರೆದೆ. ಅಕ್ಕ ಇಣುಕಿ ನೋಡಿ, "ಮೊದಲನೇ ರಾತ್ರಿ ಎಲ್ಲರಿಗೂ ಹಾಗೇ ಬಿಡೋ, ಹೊಸ ಜಾಗ" ಅಂದಳು. ಅವಳು ಸುಮ್ನೆ ಸಮಾಧಾನಕ್ಕೆ ಹೇಳಿದ್ದು. ಆದರೆ ಮಾತು ನಿಜ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನು ತೋರಿಸಿದ್ದಾರೆ. ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗದ ಒಂದಷ್ಟು ಪೂರ್ತಿ ಗಾಢ ನಿದ್ದೆಗೆ ಇಳಿಯುವುದಿಲ್ಲ. ಸಣ್ಣ ಸದ್ದಿಗೂ ತಟ್ಟನೆ ಕಿವಿಗೊಡುತ್ತದೆ. ಇಲಿಗೆ ಕಾವಲು ಕೂತಿದ್ದು ಅದೇ ಇರಬೇಕು.

ಅವತ್ತು ಒಂಬತ್ತು ಕಿಲೋಮೀಟರ್ ಏರು. ಎರಡು ಗಂಟೆಗೆ ಒಂದು ದಿಬ್ಬ ತಲುಪಿದೆವು. ಕಣಿವೆಗಿಂತ ಬಹಳ ಎತ್ತರ, ಹಿಂದೆ ಗಾಳಿ ತಡೆಯುವ ಮರಗಳು. ಈ ಸಲ ಬೆಳಕಿತ್ತು. ಟೆಂಟ್ ಬಿಚ್ಚುವ ಮುಂಚೆ ಭಾವ ಬರೀ ನೆಲದ ಮೇಲೆ ಉದ್ದಕ್ಕೆ ಮಲಗಿ, ಎದ್ದು, ತಿರುಗಿ ಇನ್ನೊಂದು ದಿಕ್ಕಿಗೆ ಮಲಗಿ ನೋಡಿದರು. ತಲೆ ಯಾವ ಕಡೆ ಎತ್ತರ, ಸೊಂಟಕ್ಕೆ ಯಾವ ಕಲ್ಲು ಚುಚ್ಚುತ್ತದೆ ಎಂದು ಕಣ್ಣಿಗಿಂತ ಬೆನ್ನಿಗೆ ಬೇಗ ಗೊತ್ತಾಗುತ್ತಂತೆ. ಪುಟ್ಟಿಗೆ ಅದೊಂದು ಆಟವಾಯಿತು. ದಿಬ್ಬವೆಲ್ಲ ಉರುಳಿ ಬಂದಳು.

ಇಷ್ಟೆಲ್ಲ ಸರಿಹೋದರೂ ನಾನು ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ಹಿಂದಿನ ರಾತ್ರಿಯ ಬಾಕಿ ತೀರಿಸೋಣ ಅಂತ ಮೂರರಿಂದ ಐದರವರೆಗೆ ಮರದ ನೆರಳಲ್ಲಿ ಗಡದ್ದಾಗಿ ಮಲಗಿದೆ. ಎದ್ದಾಗ ತಲೆ ಭಾರ. ಅದಕ್ಕೆ ಔಷಧಿ ಅಂತ ದೊಡ್ಡ ಮಗ್ಗಿನ ತುಂಬ ಗಟ್ಟಿ ಕಾಫಿ ಕುಡಿದೆ. ಕಾಫಿಯ ಕೆಫೀನು ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಐದೂವರೆಗೆ ಕುಡಿದದ್ದರಲ್ಲಿ ಅರ್ಧ ಹತ್ತೂವರೆಗೂ ನನ್ನ ಜೊತೆ ಬ್ಯಾಗಿನೊಳಗೆ ಎಚ್ಚರವಾಗಿತ್ತು.

ಬೆನ್ನು ಬೆಚ್ಚಗಿತ್ತು, ಅದೊಂದು ಸಮಾಧಾನ. ಕಣ್ಣು ಮಾತ್ರ ಬಲ್ಬಿನ ಹಾಗೆ. ಪಕ್ಕದಲ್ಲಿ ಭಾವನ ಗೊರಕೆ. ಮೇಲೆ ಟೆಂಟಿನ ಹೊರಬಟ್ಟೆ ಗಾಳಿಗೆ ಪಟಪಟ. ನೈಲಾನ್ ತೇವಕ್ಕೆ ಹಿಗ್ಗುತ್ತದೆ, ಸಂಜೆ ಬಿಗಿಯಾಗಿದ್ದದ್ದು ರಾತ್ರಿ ಜೋಲುತ್ತದೆ. ಹನ್ನೆರಡಕ್ಕೆ ಎದ್ದು ಹೋಗಿ ಹಗ್ಗ ಬಿಗಿ ಮಾಡಿ ಬಂದೆ. ಪಟಪಟ ನಿಂತಿತು. ಗೊರಕೆಗೆ ಬಿಗಿ ಮಾಡುವ ಹಗ್ಗ ಎಲ್ಲಿದೆ?

ಮೂರನೇ ದಿನ

4 ಮಾರ್ಕ್ಸ್. ಪುಟ್ಟಿ ನೋಡಿ, "ಮಾಮ, ಫೇಲು" ಅಂದಳು.

ಅವತ್ತು ನಡಿಗೆ ಇಲ್ಲ. ದಿಬ್ಬದಲ್ಲೇ ಇರುವುದು. ಮಾಡಲು ಏನೂ ಕೆಲಸವಿಲ್ಲದ್ದರಿಂದ ನಾನು ಭಾವನ ಮೇಲೆ ಪತ್ತೇದಾರಿಗೆ ಇಳಿದೆ. ಈ ಮನುಷ್ಯನಿಗೆ ಮಾತ್ರ ನಿದ್ದೆ ಹೇಗೆ ಬರುತ್ತದೆ?

ನಾಲ್ಕು ಗಂಟೆಯಿಂದಲೇ ಶುರು. ಮೊದಲು ಮ್ಯಾಟಿಗೆ ಗಾಳಿ ತುಂಬಿದರು. ಕಲ್ಲಿನ ಹಾಗೆ ಅಲ್ಲ. ತುಂಬಿ, ಮೇಲೆ ಮಗ್ಗುಲಾಗಿ ಮಲಗಿ, ಸೊಂಟ ಸ್ವಲ್ಪ ಒಳಗೆ ಕೂರುವವರೆಗೆ ಪುಸ್ಸಂತ ಗಾಳಿ ಬಿಟ್ಟರು. ಆಮೇಲೆ ಚೀಲದಿಂದ ಬ್ಯಾಗ್ ತೆಗೆದು ಚೆನ್ನಾಗಿ ಕೊಡವಿ, ಉಬ್ಬಲು ಬಿಟ್ಟರು. ನಾನು ಮಲಗುವ ಹೊತ್ತಿಗೆ ಎಳೆದು ತೆಗೆಯುತ್ತಿದ್ದೆ. ಹೆಡ್‌ಲ್ಯಾಂಪ್ ತಲೆಯ ಬಲಕ್ಕೆ, ನೀರು ಎಡಕ್ಕೆ, ಟೋಪಿ ದಿಂಬಿನ ಕೆಳಗೆ. ದಿಂಬು ಅಂದರೆ ಬ್ಯಾಗಿನ ಚೀಲಕ್ಕೇ ತುರುಕಿದ ಜಾಕೆಟ್, ಮೇಲೊಂದು ಹತ್ತಿ ಬನಿಯನ್ ಸುತ್ತಿದ್ದು. ನೈಲಾನ್ ಕೆನ್ನೆಗೆ ಅಂಟಬಾರದಲ್ಲ. ಸೂರ್ಯ ಇನ್ನೂ ಇರುವಾಗಲೇ ಹಗಲಿನ ಬಟ್ಟೆ ಪೂರ್ತಿ ಬದಲಾಯಿಸಿದರು, ಕಾಲುಚೀಲದ ಸಮೇತ. ಮಲಗುವುದಕ್ಕೆ ಅಂತಲೇ ಒಂದು ಜೊತೆ ಕಾಲುಚೀಲ ಇದೆ, ಅದು ಟೆಂಟ್ ಬಿಟ್ಟು ಹೊರಗೆ ಬರುವುದೇ ಇಲ್ಲ. ಬೆವರು ಆರದ ಬಟ್ಟೆಯಲ್ಲಿ ಮಲಗಿದರೆ ರಾತ್ರಿಯೆಲ್ಲ ಅದನ್ನು ಆರಿಸುವ ಕೆಲಸ ನಮ್ಮ ಮೈಯದ್ದು.

ಕಾಫಿ? ಮಧ್ಯಾಹ್ನ ಎರಡರ ಮೇಲೆ ಅವರು ಮುಟ್ಟಲಿಲ್ಲ. ನೀರು ಹಗಲಲ್ಲೇ ಬೇಕಾದಷ್ಟು ಕುಡಿದಿದ್ದರು, ಸಂಜೆ ಒಂದೆರಡು ಗುಟುಕು ಅಷ್ಟೇ.

ಇಷ್ಟು ವರ್ಷ ನಾನು ಅದನ್ನು ಪುಣ್ಯ ಅಂದುಕೊಂಡಿದ್ದೆ. ನನಗೆ ಮಲಗುವುದು ರಾತ್ರಿ ಹತ್ತರ ಕೆಲಸ. ಅವರಿಗೆ ಸಂಜೆ ನಾಲ್ಕರ ಕೆಲಸ.

ಅವತ್ತು ಅವರು ಮಾಡಿದ್ದನ್ನೆಲ್ಲ ನಾನೂ ಮಾಡಿದೆ. ಕತ್ತಲಾದ ಮೇಲೆ ಭಾವ ನೀರು ಬಿಸಿ ಮಾಡಿ ಗಟ್ಟಿ ಬಾಟಲಿಗೆ ತುಂಬಿದರು. ಮುಚ್ಚಳ ತಿರುಗಿಸಿ, ತಲೆಕೆಳಗೆ ಮಾಡಿ, ಒಂದು ನಿಮಿಷ ಹಿಡಿದು ನೋಡಿದರು. ಒಂದು ಹನಿಯೂ ಬೀಳಲಿಲ್ಲ. ಅದರ ಮೇಲೆ ದಪ್ಪ ಕಾಲುಚೀಲ ಏರಿಸಿ ನನ್ನ ಕೈಗೆ ಕೊಟ್ಟರು. "ತೊಡೆ ಮಧ್ಯೆ ಇಟ್ಕೋ. ಆಮೇಲೆ ಕಾಲ ಹತ್ತಿರ ತಳ್ಳು." ಅಂಗಾಲು ಬೆಚ್ಚಗಾದರೆ ಅಲ್ಲಿನ ರಕ್ತನಾಳ ಹಿಗ್ಗಿ ಮೈಯ ಒಳಗಿನ ಶಾಖ ಹೊರಗೆ ಹೋಗಲು ದಾರಿಯಾಗುತ್ತದೆ. ಒಳಗಿನ ಶಾಖ ಸ್ವಲ್ಪ ಇಳಿದರೇ ನಿದ್ದೆ ಹತ್ತುವುದು. ಕಾಲು ಮಂಜುಗಡ್ಡೆಯಾಗಿರುವಾಗ ನಿದ್ದೆ ಹತ್ತಿರ ಸುಳಿಯದಿರುವುದು ಅದಕ್ಕೇ.

ಮಲಗುವ ಮುಂಚೆ ನಾಲ್ವರೂ ದಿಬ್ಬದ ಸುತ್ತ ಹತ್ತು ನಿಮಿಷ ಚುರುಕಾಗಿ ಸುತ್ತಿದೆವು. ಬ್ಯಾಗ್ ಶಾಖ ಹಿಡಿದಿಡುತ್ತದೆ, ಹುಟ್ಟಿಸುವುದಿಲ್ಲ. ನಡುಗುತ್ತಾ ಒಳಗೆ ಹೋದರೆ ನಡುಕವನ್ನೇ ಜೋಪಾನ ಮಾಡಿಕೊಡುತ್ತದೆ.

ಫೋನುಗಳನ್ನೆಲ್ಲ ಅಕ್ಕ ಕಿತ್ತುಕೊಂಡು ಚೀಲದಲ್ಲಿಟ್ಟಿದ್ದಳು. ಎಂಟೂವರೆಗೆ ನನಗೆ ತೂಕಡಿಕೆ! ಊರಲ್ಲಿ ಆ ಹೊತ್ತಿಗೆ ನನ್ನ ಸಂಜೆ ಶುರುವಾಗಿರುತ್ತದೆ. ಕೊಲೊರಾಡೋ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎಂಟು ಜನರನ್ನು ಒಂದು ವಾರ ರಾಕಿ ಬೆಟ್ಟಗಳಲ್ಲಿ ಟೆಂಟ್ ಹಾಕಿಸಿ ಬಿಟ್ಟರು. ಟಾರ್ಚ್ ಇಲ್ಲ, ಫೋನ್ ಇಲ್ಲ, ಬಿಸಿಲು ಮತ್ತು ಬೆಂಕಿಯ ಬೆಳಕು ಮಾತ್ರ. ವಾರದ ಕೊನೆಗೆ ಅವರ ಮೈಯಲ್ಲಿ ರಾತ್ರಿಯಾಯಿತು ಅಂತ ತಿಳಿಸುವ ಮೆಲಟೋನಿನ್ ಸುಮಾರು ಎರಡು ಗಂಟೆ ಮುಂಚೆಯೇ ಏರತೊಡಗಿತ್ತು. ನನ್ನದು ವಾರವಲ್ಲ, ಮೂರೇ ದಿನ. ಆದರೂ ಆ ಕಡೆಗೆ ಹೊರಳಿತ್ತು ಅನ್ನಿಸುತ್ತದೆ.

ಇನ್ನು ಉಳಿದದ್ದು ಗೊರಕೆ. ಪುಟ್ಟಿ ತನ್ನ ಈಜುವ ಚೀಲದಿಂದ ಫೋಮ್ ಇಯರ್‌ಪ್ಲಗ್ ತಂದುಕೊಟ್ಟಳು. ನನ್ನ ಹತ್ತಿರವೂ ಇದ್ದವು, ಪ್ರಯೋಜನ ಇಲ್ಲ ಅಂತ ಎಸೆದಿದ್ದೆ. "ಹಾಗೆ ತುರುಕೋದಲ್ಲ ಮಾಮ" ಅಂತ ಅವಳೇ ತೋರಿಸಿದಳು. ಬೆರಳ ನಡುವೆ ಹೊಸೆದು ಕಡ್ಡಿಯಷ್ಟು ಸಣ್ಣ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ಪ್ಲಗ್ ಒಳಗೆ ಹಾಕಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕು. ಹಿಡಿದೆ. ಭಾವನ ಗೊರಕೆ ಯಾರೋ ಪಕ್ಕದ ಬೆಟ್ಟದಲ್ಲಿ ಮರ ಕೊಯ್ಯುವಷ್ಟು ದೂರ ಹೋಯಿತು.

ನಾಲ್ಕನೇ ದಿನ

8. ಎರಡು ಮಾರ್ಕ್ಸ್ ಕಳೆದದ್ದು ನಾಲ್ಕು ಗಂಟೆಗೆ ಎಚ್ಚರವಾದದ್ದಕ್ಕೆ. ಆದರೆ ಈ ಸಲ ಬಿಗಿಹಿಡಿಯದೆ ಎದ್ದು ಹೊರಗೆ ಹೋದೆ. ಆಕಾಶದ ತುಂಬ ನಕ್ಷತ್ರ. ವಾಪಸ್ ಬಂದು ಮಲಗಿದ್ದಷ್ಟೇ ಗೊತ್ತು. ಈಗ ಅನ್ನಿಸುತ್ತದೆ, ಅದಕ್ಕೆ ಮಾರ್ಕ್ಸ್ ಕಳೆದದ್ದೇ ತಪ್ಪು.

ಚಹಾ ಕುಡಿಯುತ್ತಾ ಭಾವ ಹಿಂದೊಮ್ಮೆ 3,000 ಮೀಟರ್‌ಗಿಂತ ಮೇಲೆ ಹೋದ ಕಥೆ ಹೇಳಿದರು. ಅಲ್ಲಿ ಅವರ ಹುಲಿತನವೂ ನಡೆಯಲಿಲ್ಲವಂತೆ. ನಿದ್ದೆ ಹತ್ತುತ್ತಲೇ ಉಸಿರು ಜೋರಾಗುವುದು, ಆಮೇಲೆ ಕೆಲವು ಸೆಕೆಂಡ್ ನಿಂತೇ ಹೋಗುವುದು, ಗಾಬರಿಯಿಂದ ಎಚ್ಚರವಾಗುವುದು. ಅಷ್ಟು ಎತ್ತರದಲ್ಲಿ ಇದು ಬಹಳ ಜನಕ್ಕೆ ಆಗುತ್ತದೆ. ಅಲ್ಲಿಂದ ಮೇಲೆ ಮಲಗುವ ಜಾಗವನ್ನು ಒಂದು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅನ್ನುತ್ತಾರೆ. ಹಗಲಲ್ಲಿ ಎಷ್ಟು ಎತ್ತರ ಹತ್ತಿದೆ ಅನ್ನುವುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದೆ ಅನ್ನುವುದೇ ಲೆಕ್ಕ.

ಮಧ್ಯಾಹ್ನ ಮಳೆ ಹಿಡಿಯಿತು. ಅಷ್ಟೇ ಅವತ್ತಿನ ಕಥೆ. ಒದ್ದೆಯಾದದ್ದನ್ನೆಲ್ಲ ಬಾಗಿಲ ಹತ್ತಿರ ಬಿಟ್ಟು, ಒಣಗಿದ್ದನ್ನು ಮಾತ್ರ ಒಳಗೆ ಸೇರಿಸಿದೆವು. ಮಳೆ ಇದ್ದರೂ ಟೆಂಟಿನ ಗಾಳಿಕಿಂಡಿ ಮುಚ್ಚಲು ಭಾವ ಬಿಡಲಿಲ್ಲ. ಮುಚ್ಚಿದರೆ ನಮ್ಮ ಉಸಿರೇ ಒಳಗೆ ಮಳೆಯಾಗುತ್ತದೆ. ಅದೇ ಕಾರಣಕ್ಕೆ ಮುಖವನ್ನು ಬ್ಯಾಗಿನೊಳಗೆ ಮುಚ್ಚಿಕೊಂಡು ಮಲಗಬಾರದು, ಟೋಪಿ ಹಾಕಿಕೊಂಡು ಮೂಗು ಹೊರಗಿಡಬೇಕು. ಪ್ಲಗ್ ಹಾಕಿದ ಕಿವಿಗೂ ಮಳೆ ಸಣ್ಣಗೆ ಕೇಳುತ್ತಿತ್ತು. ಎಷ್ಟು ಹೊತ್ತಿಗೆ ಮಲಗಿದೆನೋ ಗೊತ್ತಿಲ್ಲ.

ಐದನೇ ದಿನ

ಬೆಳಕು ಹರಿದ ಮೇಲೆ ಕಣ್ಣು ಬಿಟ್ಟರೆ ಪಕ್ಕದಲ್ಲಿ ಭಾವ ಕೂತಿದ್ದಾರೆ. ಕಣ್ಣು ಕೆಂಪು. ಕೆಳಗೆ ಎರಡು ಖಾಲಿ ಚೀಲ, ಹಗ್ಗದ ಸುರುಳಿ, ಮಡಚಿದ ರೈನ್‌ಕೋಟು, ನನ್ನ ಒಂದು ಪ್ಯಾಂಟು. ಅದರ ಮೇಲೆ ಅವರ ದುಬಾರಿ ಮ್ಯಾಟ್ ಹಪ್ಪಳದ ಹಾಗೆ ಬಿದ್ದಿದೆ.

ನಾನು ಪ್ಲಗ್ ತೆಗೆದೆ.

"ರಾತ್ರಿ ಎರಡಕ್ಕೆ ಗಾಳಿ ಹೋಯ್ತು" ಅಂದರು. "ಆ ಫೋಮ್ ಮ್ಯಾಟ್ ಕೊಡೋ ಅಂತ ಎಷ್ಟು ಸಲ ಕೂಗಿದೆ. ಅಲ್ಲಾಡಿಸಿದೆ. ಏನೋ ಗೊಣಗಿ ಆ ಕಡೆ ತಿರುಗಿಬಿಟ್ಟೆ."

ಹೊರಗೆ ಅಕ್ಕ ನಕ್ಕದ್ದು ಕೇಳಿಸಿತು. ಮ್ಯಾಟಿಗೆ ಮತ್ತೆ ಗಾಳಿ ತುಂಬಿ ಸೋಪಿನ ನೀರು ಹಚ್ಚಿದೆವು. ಕಾಲಿನ ಕಡೆ ಒಂದು ಜಾಗದಲ್ಲಿ ಸಣ್ಣ ಗುಳ್ಳೆ ಏಳುತ್ತಿತ್ತು. ಅಲ್ಲೊಂದು ಮುಳ್ಳು. ಟೆಂಟ್ ಬಿಟ್ಟು ಹೊರಗೆ ಬರದ ಆ ಕಾಲುಚೀಲದಲ್ಲೇ ಮಳೆಯ ಗಡಿಬಿಡಿಯಲ್ಲಿ ಭಾವ ಹೊರಗೆ ಹೆಜ್ಜೆ ಇಟ್ಟಿದ್ದರಂತೆ. ತೇಪೆ ಹಚ್ಚುವ ಕಿಟ್ ಮನೆಯ ಕಪಾಟಿನಲ್ಲಿ ಭದ್ರವಾಗಿತ್ತು.

ನಾನು 9 ಬರೆದೆ. ಭಾವ ನೋಟ್‌ಬುಕ್ ಕಿತ್ತುಕೊಂಡು ಕೆಳಗೆ ತಮ್ಮ ಹೆಸರಲ್ಲಿ 1 ಬರೆದರು.

ಟೆಂಟ್ ಮಡಚಿ, ಇಳಿದು, ಕಾರು ಹತ್ತುವಾಗ ಹನ್ನೊಂದು. ಭಾವನೇ ಸ್ಟೀರಿಂಗ್ ಹಿಡಿದರು. "ನನಗೇನಾಗಿದೆ, ಚೆನ್ನಾಗೇ ಇದ್ದೀನಿ" ಅಂದರು. ಒಂದು ಗಂಟೆ ಸರಿಯಿತ್ತು. ಆಮೇಲೆ ಆಕಳಿಕೆ ಶುರುವಾಯಿತು. ಕಿಟಕಿ ಇಳಿಸಿದರು, ಹಾಡು ಜೋರು ಮಾಡಿದರು. ಈ ಎರಡರಿಂದಲೂ ನಿದ್ದೆ ಓಡುವುದಿಲ್ಲ, ಸ್ವಲ್ಪ ಹೊತ್ತು ಓಡಿದ ಹಾಗೆ ನಟಿಸುತ್ತದೆ. ಮೂರನೇ ಆಕಳಿಕೆಗೆ ಹಿಂದಿನ ಸೀಟಿನಿಂದ ಅಕ್ಕ, "ರೀ, ನಿಲ್ಲಿಸಿ" ಅಂದಳು. ಅವಳ ಆ ದನಿ ನನಗೆ ಗೊತ್ತು. ಭಾವನಿಗೆ ಇನ್ನೂ ಚೆನ್ನಾಗಿ ಗೊತ್ತು. ಕಾರು ರಸ್ತೆ ಬಿಟ್ಟು ಮರದ ಕೆಳಗೆ ನಿಂತಿತು.

ಫ್ಲಾಸ್ಕಿನಲ್ಲಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿಸಿ, ಸೀಟು ಹಿಂದಕ್ಕೆ ಬಾಗಿಸಿ ಮಲಗಿಸಿದೆವು. ಕಾಫಿ ಕೆಲಸ ಶುರುಮಾಡಲು ಇಪ್ಪತ್ತು ನಿಮಿಷವಾದರೂ ಬೇಕು. ಅಷ್ಟರೊಳಗೆ ಒಂದು ಸಣ್ಣ ನಿದ್ದೆ ಆಗುತ್ತದೆ. ಅದಕ್ಕಿಂತ ಜಾಸ್ತಿ ಮಲಗಿದರೆ ಗಾಢ ನಿದ್ದೆಗೆ ಇಳಿದು, ಎದ್ದಾಗ ಮೊನ್ನೆಯ ನನ್ನ ಹಾಗೆ ತಲೆ ಭಾರ. ಪುಟ್ಟಿ ಗಡಿಯಾರ ನೋಡಿಕೊಂಡಳು. ಎರಡನೇ ನಿಮಿಷಕ್ಕೆ ಕಾರಿನೊಳಗೆ ಗೊರಕೆ ತುಂಬಿತು. ಅವಳು ಸದ್ದಿಲ್ಲದೆ ಪ್ಲಗ್ ಹೊಸೆದು ತನ್ನ ಕಿವಿಗೆ ಹಾಕಿಕೊಂಡಳು, ಇನ್ನೊಂದು ಜೊತೆ ಅಮ್ಮನಿಗೆ ಕೊಟ್ಟಳು.

ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಎಬ್ಬಿಸಿದಳು. ಭಾವ ಕಣ್ಣುಜ್ಜಿಕೊಂಡು, "ಎಲ್ಲಿದ್ದೀವಿ?" ಅಂದರು. ಆದರೂ ಸ್ಟೀರಿಂಗನ್ನು ಅಕ್ಕ ಬಿಟ್ಟುಕೊಡಲಿಲ್ಲ. ಹಿಂದಿನ ಸೀಟಿಗೆ ಬಂದು ಕೂತ ಅಪ್ಪನ ಮುಂದೆಯೇ ಪುಟ್ಟಿ ನನ್ನ ನೋಟ್‌ಬುಕ್ ತೆಗೆದು, ಬೆಳಗಿನ 1ರ ಕೆಳಗೆ ಬರೆದಳು: "ಅಪ್ಪ, ಕಾರಿನಲ್ಲಿ, 20 ನಿಮಿಷ. ಹತ್ತಕ್ಕೆ ಹತ್ತು."